ಸೋಂಕು ತಗುಲಿದವರೆಷ್ಟು? ಇನ್‌ಫ್ಲುಯೆಂಜಾ ಪಿಡುಗುಗಳ ಲೆಕ್ಕದ ಚರಿತ್ರೆ

ಇನ್‌ಫ್ಲುಯೆಂಜಾದ ಜಾಗತಿಕ ಪಿಡುಗು ಮುಗಿದ ಮೇಲೆ ಎರಡು ಲೆಕ್ಕಗಳು ಉಳಿಯುತ್ತವೆ. ಒಂದು ಸತ್ತವರದು, ಇನ್ನೊಂದು ಸೋಂಕು ತಗುಲಿದವರದು. ಮೊದಲನೆಯದಕ್ಕೆ ಹೆಣ, ಸ್ಮಶಾನ, ಮರಣ ದಾಖಲೆ ಎಂಬ ಆಧಾರಗಳಾದರೂ ಇರುತ್ತವೆ. ಎರಡನೆಯದಕ್ಕೆ ಅಂಥ ಗಟ್ಟಿ ಆಧಾರವಿಲ್ಲ. ಜ್ವರ ಬಂದವರಲ್ಲಿ ಬಹುಪಾಲು ಜನ ಮೂರು ನಾಲ್ಕು ದಿನ ಮಲಗಿ, ಗಂಜಿ ಕುಡಿದು, ಎದ್ದು ಕೆಲಸಕ್ಕೆ ಹೋಗುತ್ತಾರೆ. ಅವರು ವೈದ್ಯರ ಬಳಿ ಹೋಗುವುದಿಲ್ಲ, ಯಾವ ಪುಸ್ತಕದಲ್ಲೂ ಅವರ ಹೆಸರು ಏರುವುದಿಲ್ಲ. ಇನ್ನು ಕೆಲವರಿಗೆ ಸೋಂಕು ತಗುಲಿದ್ದೇ ಗೊತ್ತಾಗುವುದಿಲ್ಲ. ಆದ್ದರಿಂದ ಸೋಂಕಿತರ ಸಂಖ್ಯೆಯನ್ನು ಯಾರೂ ನೇರವಾಗಿ ಎಣಿಸಿದ್ದಿಲ್ಲ, ಎಲ್ಲ ಕಾಲದಲ್ಲೂ ಅದನ್ನು ಅಂದಾಜು ಮಾಡಲಾಗಿದೆ. ಆ ಅಂದಾಜಿನ ವಿಧಾನ ಸುಮಾರು ನೂರ ಎಪ್ಪತ್ತೈದು ವರ್ಷಗಳಲ್ಲಿ ಮರಣ ದಾಖಲೆಯಿಂದ ಮನೆ ಸಮೀಕ್ಷೆಗೆ, ಅಲ್ಲಿಂದ ರಕ್ತಪರೀಕ್ಷೆಗೆ, ಅಲ್ಲಿಂದ ಗಣಿತದ ಮಾದರಿಗಳಿಗೆ ಸಾಗಿ ಬಂದಿದೆ.

ಸಾವಿನ ಪುಸ್ತಕದಿಂದ ಆರಂಭ

ಲೆಕ್ಕದ ಮೊದಲ ಹೆಜ್ಜೆ ಇಟ್ಟವರು ಇಂಗ್ಲೆಂಡಿನ ವಿಲಿಯಂ ಫಾರ್. ಜನನ ಮರಣ ನೋಂದಣಿಯ ಕೇಂದ್ರ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ಫಾರ್, 1847ರ ಕೊನೆಯಲ್ಲಿ ಲಂಡನ್ನಿಗೆ ಇನ್‌ಫ್ಲುಯೆಂಜಾ ಬಂದಾಗ ಒಂದು ವಿಷಯ ಗಮನಿಸಿದರು. ಇನ್‌ಫ್ಲುಯೆಂಜಾ ಎಂದೇ ಬರೆದ ಸಾವುಗಳು ಅಷ್ಟೇನೂ ಇರಲಿಲ್ಲ, ಆದರೆ ಅದೇ ವಾರಗಳಲ್ಲಿ ಶ್ವಾಸನಾಳದ ಉರಿಯೂತ, ನ್ಯುಮೋನಿಯಾ ಮುಂತಾದ ಕಾರಣಗಳ ಸಾವುಗಳೂ ಏಕಾಏಕಿ ಏರಿದ್ದವು. ಆ ಋತುವಿನಲ್ಲಿ ಮಾಮೂಲಾಗಿ ಆಗುವ ಸಾವುಗಳನ್ನು ಕಳೆದು ನೋಡಿದಾಗ ಸುಮಾರು 5,000 ಹೆಚ್ಚುವರಿ ಸಾವುಗಳು ಕಂಡವು. ‘ಹೆಚ್ಚುವರಿ ಸಾವು’ ಎಂಬ ಈ ಲೆಕ್ಕದ ಕ್ರಮ ಇಂದಿಗೂ ಬಳಕೆಯಲ್ಲಿದೆ. 1963ರಲ್ಲಿ ಅಮೆರಿಕದ ರಾಬರ್ಟ್ ಸರ್ಫ್ಲಿಂಗ್ ಅದನ್ನು ಸಂಖ್ಯಾಶಾಸ್ತ್ರದ ಸೂತ್ರಕ್ಕೆ ಇಳಿಸಿದರು.

ಆದರೆ ಫಾರ್ ಅವರ ವಿಧಾನ ಹೇಳುವುದು ಸತ್ತವರ ಸಂಗತಿಯನ್ನು ಮಾತ್ರ. ಸಾವಿನ ಸಂಖ್ಯೆಯಿಂದ ಸೋಂಕಿನ ಸಂಖ್ಯೆಗೆ ಹೋಗಬೇಕಾದರೆ, ಕಾಯಿಲೆ ಬಿದ್ದ ನೂರು ಮಂದಿಯಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬುದು ಗೊತ್ತಿರಬೇಕು. ಅದು ಗೊತ್ತಾಗಬೇಕಾದರೆ ಕಾಯಿಲೆ ಬಿದ್ದವರ ಸಂಖ್ಯೆ ಮೊದಲೇ ತಿಳಿದಿರಬೇಕು. ಈ ಸುತ್ತಿನಿಂದ ಹೊರಬರಲು ಇದ್ದ ಒಂದೇ ದಾರಿಯೆಂದರೆ ಎಲ್ಲಾದರೂ ಒಂದು ಕಡೆ ಜನರನ್ನು ನೇರವಾಗಿ ಕೇಳಿ ಎಣಿಸುವುದು.

1889–90ರಲ್ಲಿ ‘ರಷ್ಯನ್ ಜ್ವರ’ ಎಂದು ಹೆಸರಾದ ಪಿಡುಗು ಯುರೋಪನ್ನು ಹೊಕ್ಕಾಗ ಇಂಥ ಎಣಿಕೆಯ ಮೊದಲ ಪ್ರಯತ್ನಗಳು ನಡೆದವು. ಇಂಗ್ಲೆಂಡಿನಲ್ಲಿ ಹೆನ್ರಿ ಫ್ರಾಂಕ್ಲಿನ್ ಪಾರ್ಸನ್ಸ್ ಸರಕಾರಕ್ಕಾಗಿ ತಯಾರಿಸಿದ 1891ರ ವರದಿಯಲ್ಲಿ ಅಂಚೆ ಇಲಾಖೆಯಂಥ ದೊಡ್ಡ ಸಂಸ್ಥೆಗಳ ನೌಕರರ ಗೈರುಹಾಜರಿ ಪಟ್ಟಿಗಳನ್ನು ಬಳಸಿದರು. ಸಂಬಳದ ಲೆಕ್ಕಕ್ಕಾಗಿ ಇಟ್ಟ ಹಾಜರಿ ಪುಸ್ತಕ ರೋಗದ ಲೆಕ್ಕಕ್ಕೂ ಒದಗಿತು. ಅದರ ಮಿತಿಯೂ ಸ್ಪಷ್ಟವಿತ್ತು: ಅದರಲ್ಲಿ ಮಕ್ಕಳಿಲ್ಲ, ಮುದುಕರಿಲ್ಲ, ಮನೆಯಲ್ಲಿರುವ ಹೆಂಗಸರಿಲ್ಲ.

1918: ಬಾಗಿಲು ಬಾಗಿಲಿಗೆ ಹೋದ ಸಮೀಕ್ಷೆ

1918–19ರ ಪಿಡುಗು ಲೆಕ್ಕದ ದೃಷ್ಟಿಯಿಂದ ಕೆಟ್ಟ ಹೊತ್ತಿನಲ್ಲಿ ಬಂತು. ಮಹಾಯುದ್ಧ ನಡೆಯುತ್ತಿತ್ತು, ವೈದ್ಯರು ಸೈನ್ಯದಲ್ಲಿದ್ದರು, ಬಹುತೇಕ ದೇಶಗಳಲ್ಲಿ ಇನ್‌ಫ್ಲುಯೆಂಜಾ ಬಂದರೆ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನೇ ಇರಲಿಲ್ಲ. ರೋಗಕ್ಕೆ ಖಚಿತ ಪರೀಕ್ಷೆಯೂ ಇರಲಿಲ್ಲ. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ಗುರುತಿಸಿದ ಬ್ಯಾಕ್ಟೀರಿಯವೇ ಇದಕ್ಕೆ ಕಾರಣವೆಂದು ಬಹಳ ಮಂದಿ ನಂಬಿದ್ದರು. ಆ ನಂಬಿಕೆ ತಪ್ಪು ಎಂದು ಸಿದ್ಧವಾದದ್ದು ಆಮೇಲೆ. ಹೀಗಾಗಿ ಜ್ವರ, ಮೈಕೈ ನೋವು, ಕೆಮ್ಮು ಇದ್ದವರೆಲ್ಲ ಇನ್‌ಫ್ಲುಯೆಂಜಾ ರೋಗಿಗಳೆಂದೇ ಲೆಕ್ಕ.

ಇಂಥ ಸ್ಥಿತಿಯಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಕೈಗೊಂಡ ಮನೆ ಮನೆ ಸಮೀಕ್ಷೆ ಆ ಕಾಲದ ಅತ್ಯುತ್ತಮ ದಾಖಲೆ ಎನಿಸಿತು. ಅದರ ಹಿಂದೆ ಇದ್ದವರು ವೈದ್ಯ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಮತ್ತು ಅರ್ಥಶಾಸ್ತ್ರ ಓದಿದ್ದ ಎಡ್ಗರ್ ಸೈಡನ್‌ಸ್ಟ್ರಿಕರ್. 1918ರ ನವೆಂಬರ್ ಕೊನೆಯಲ್ಲಿ ಬಾಲ್ಟಿಮೋರ್ ಹಾಗೂ ಮೇರಿಲ್ಯಾಂಡ್ ರಾಜ್ಯದ ಇತರ ಊರುಗಳಲ್ಲಿ ಆರಂಭವಾದ ಕೆಲಸ, ಮುಂದೆ ಲೂಯಿವಿಲ್, ನ್ಯೂ ಲಂಡನ್, ಸ್ಯಾನ್ ಆಂಟೋನಿಯೊ, ಸ್ಯಾನ್ ಫ್ರಾನ್ಸಿಸ್ಕೊ ಮುಂತಾದ ನಗರಗಳಿಗೆ ಹಬ್ಬಿತು. ಗಣತಿದಾರರು ಆಯ್ದ ಬೀದಿಗಳಲ್ಲಿ ಪ್ರತಿ ಮನೆಯ ಬಾಗಿಲು ತಟ್ಟಿದರು. ಮನೆಯಲ್ಲಿರುವವರ ವಯಸ್ಸು, ಲಿಂಗ ಬರೆದುಕೊಂಡರು. ಸೆಪ್ಟೆಂಬರ್‌ನಿಂದೀಚೆಗೆ ಯಾರಿಗೆ ಇನ್‌ಫ್ಲುಯೆಂಜಾ, ನ್ಯುಮೋನಿಯಾ ಅಥವಾ ಅಂಥದೇ ಕಾಯಿಲೆ ಬಂದಿತ್ತು, ಯಾವಾಗ ಬಂತು, ಯಾರು ಸತ್ತರು ಎಂದು ಕೇಳಿದರು. ಮನೆಯವರ ಆರ್ಥಿಕ ಸ್ಥಿತಿಯನ್ನು ತಾವೇ ನೋಡಿ ಅನುಕೂಲಸ್ಥರು, ಸಾಧಾರಣ, ಬಡವರು, ಕಡುಬಡವರು ಎಂದು ಗುರುತು ಹಾಕಿಕೊಂಡರು. ಒಟ್ಟು ಒಂದು ಲಕ್ಷಕ್ಕೂ ಮೀರಿದ ಜನರ ವಿವರ ಹೀಗೆ ಸಂಗ್ರಹವಾಯಿತು.

1920ರಲ್ಲಿ ಫ್ರಾಸ್ಟ್ ಪ್ರಕಟಿಸಿದ ಫಲಿತಾಂಶದಲ್ಲಿ ಎರಡು ಸಂಗತಿ ಎದ್ದು ಕಂಡವು. ಮೊದಲನೆಯದು, ಒಟ್ಟಾರೆ ನೂರಕ್ಕೆ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಮಂದಿ ಕಾಯಿಲೆ ಬಿದ್ದಿದ್ದರೂ ಊರಿಂದೂರಿಗೆ ಅಂತರ ವಿಪರೀತವಾಗಿತ್ತು. ಲೂಯಿವಿಲ್‌ನಲ್ಲಿ ನೂರಕ್ಕೆ ಸುಮಾರು 15, ಸ್ಯಾನ್ ಆಂಟೋನಿಯೊದಲ್ಲಿ ಅರ್ಧಕ್ಕೂ ಹೆಚ್ಚು. ಎರಡನೆಯದು, ಹೆಚ್ಚು ಜನ ಕಾಯಿಲೆ ಬಿದ್ದ ಊರಿನಲ್ಲೇ ಹೆಚ್ಚು ಪಾಲು ಜನ ಸತ್ತಿರಲಿಲ್ಲ. ಸ್ಯಾನ್ ಆಂಟೋನಿಯೊದಲ್ಲಿ ಕಾಯಿಲೆ ಬಿದ್ದ ನೂರರಲ್ಲಿ ಸತ್ತವರು ಒಬ್ಬರಿಗಿಂತ ಕಡಿಮೆ, ನ್ಯೂ ಲಂಡನ್‌ನಲ್ಲಿ ಮೂವರು. ಕಾಯಿಲೆ ಅತಿ ಹೆಚ್ಚು ಬಂದದ್ದು ಶಾಲಾ ವಯಸ್ಸಿನ ಮಕ್ಕಳಿಗೆ, ಸಾವು ಬಡಿದದ್ದು ಎಳೆ ಮಕ್ಕಳು ಮತ್ತು ವೃದ್ಧರ ಜೊತೆಗೆ ಇಪ್ಪತ್ತರಿಂದ ನಲವತ್ತರ ಗಟ್ಟಿಮುಟ್ಟಾದ ಪ್ರಾಯದವರಿಗೆ. ಬಡವರ ಮನೆಗಳಲ್ಲಿ ಕಾಯಿಲೆಯೂ ಸಾವೂ ಹೆಚ್ಚಾಗಿದ್ದವೆಂದು ಸೈಡನ್‌ಸ್ಟ್ರಿಕರ್ 1931ರ ಲೇಖನದಲ್ಲಿ ತೋರಿಸಿದರು. ಸಾವಿನ ಸಂಖ್ಯೆಯನ್ನು ಯಾವುದೋ ಒಂದು ಅಂಕೆಯಿಂದ ಗುಣಿಸಿ ಸೋಂಕಿನ ಸಂಖ್ಯೆ ಪಡೆಯುವುದು ಎಷ್ಟು ಅಪಾಯವೆಂಬುದು ಈ ಸಮೀಕ್ಷೆಯಿಂದಲೇ ತಿಳಿಯುತ್ತದೆ.

ಬ್ರಿಟನ್ನಿನ ಆರೋಗ್ಯ ಸಚಿವಾಲಯವೂ 1920ರಲ್ಲಿ ದೊಡ್ಡ ವರದಿ ಹೊರತಂದಿತು. ಮ್ಯಾಂಚೆಸ್ಟರ್‌ನಂಥ ಕೆಲವು ನಗರಗಳ ಮನೆ ಸಮೀಕ್ಷೆಗಳ ವಿವರ ಅದರಲ್ಲಿದೆ. ಪಿಡುಗಿನ ಹೊಡೆತ ಅತಿ ಜೋರಾಗಿದ್ದ ಭಾರತದಲ್ಲಿ ಮಾತ್ರ ಈ ಪ್ರಮಾಣದ ಸಮೀಕ್ಷೆ ನಡೆಯಲಿಲ್ಲ.

ಭಾರತದ ಲೆಕ್ಕ

ಭಾರತಕ್ಕೆ ಕಾಯಿಲೆ ಕಾಲಿಟ್ಟದ್ದು 1918ರ ಜೂನ್‌ನಲ್ಲಿ, ಮುಂಬಯಿ ಬಂದರಿನ ಮೂಲಕ. ಬಂದರಿನಲ್ಲಿ ಕಾವಲಿದ್ದ ಏಳು ಮಂದಿ ಪೊಲೀಸ್ ಸಿಪಾಯಿಗಳು ಜೂನ್ 10ರಂದು ಜ್ವರದಿಂದ ಆಸ್ಪತ್ರೆ ಸೇರಿದರು. ಆ ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರ್‌ನಲ್ಲಿ ಬಂದ ಎರಡನೇ ಅಲೆ ಭೀಕರವಾಗಿತ್ತು. ಅಕ್ಟೋಬರ್ 6ರಂದು ಮುಂಬಯಿ ನಗರ ಒಂದರಲ್ಲೇ 768 ಸಾವುಗಳು ದಾಖಲಾದವು. ಆ ವರ್ಷ ಮುಂಗಾರು ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ಬರದಿಂದ ಸೊರಗಿದ ಹಳ್ಳಿಗಳಿಗೆ ಜ್ವರ ರೈಲಿನ ಹಾದಿಯಲ್ಲಿ ಬಂತು. ಪಶ್ಚಿಮ ಮತ್ತು ಮಧ್ಯ ಭಾರತ ಹೆಚ್ಚು ನಲುಗಿದವು, ಪೂರ್ವಕ್ಕೆ ಹೋದಂತೆ ಹೊಡೆತ ಕಡಿಮೆಯಾಯಿತು.

ಆಗಿನ ಮರಣ ದಾಖಲೆ ನಿಂತಿದ್ದದ್ದು ಹಳ್ಳಿಯ ಮಟ್ಟದ ಅಧಿಕಾರಿಗಳ ಮೇಲೆ. ದಕ್ಷಿಣದಲ್ಲಿ ಪಟೇಲ, ಶಾನುಭೋಗರು, ಉತ್ತರದಲ್ಲಿ ಚೌಕಿದಾರರು ಸಾವಿನ ಸುದ್ದಿಯನ್ನು ಮೇಲಕ್ಕೆ ಕಳಿಸುತ್ತಿದ್ದರು. ಕಾರಣ ಬರೆಯಲು ಇದ್ದ ಕಾಲಂಗಳು ಕೆಲವೇ: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಉಸಿರಾಟದ ಕಾಯಿಲೆ, ಗಾಯ, ಇತರೆ. ಕಾಲರಾ, ಪ್ಲೇಗುಗಳನ್ನು ಹಳ್ಳಿಯವರು ಗುರುತಿಸಬಲ್ಲವರಾಗಿದ್ದರು. ಮಲೇರಿಯಾ, ವಿಷಮಶೀತ ಜ್ವರ, ಇನ್‌ಫ್ಲುಯೆಂಜಾ ಎಲ್ಲವೂ ‘ಜ್ವರ’ದ ಕಾಲಂಗೆ ಹೋದವು. ಪಿಡುಗು ಜೋರಾದ ವಾರಗಳಲ್ಲಿ ಬರೆಯಬೇಕಾದವರೇ ಹಾಸಿಗೆ ಹಿಡಿದರು, ಕೆಲವರು ತೀರಿಕೊಂಡರು. ದಾಖಲೆ ಅತ್ಯಂತ ಅಗತ್ಯವಾಗಿದ್ದ ಹೊತ್ತಿನಲ್ಲೇ ದಾಖಲೆಯ ವ್ಯವಸ್ಥೆ ಕುಸಿಯಿತು.

ಭಾರತ ಸರಕಾರದ ನೈರ್ಮಲ್ಯ ಕಮಿಷನರ್ ಆಗಿದ್ದ ನಾರ್ಮನ್ ವೈಟ್ 1919ರ ತಮ್ಮ ಪ್ರಾಥಮಿಕ ವರದಿಯಲ್ಲಿ ಫಾರ್ ಅವರ ಕ್ರಮವನ್ನೇ ಅನುಸರಿಸಿ, ಹಿಂದಿನ ವರ್ಷಗಳ ಸರಾಸರಿಗಿಂತ ಎಷ್ಟು ಹೆಚ್ಚು ಸಾವು ಎಂದು ನೋಡಿದರು. ಸುಮಾರು 60 ಲಕ್ಷ ಎಂಬ ಅಂದಾಜು ಬಂತು. 1921ರ ಜನಗಣತಿ ಆ ಅಂದಾಜನ್ನು ಬುಡಮೇಲು ಮಾಡಿತು. ಹತ್ತು ವರ್ಷಗಳಲ್ಲಿ ಭಾರತದ ಜನಸಂಖ್ಯೆ ಸುಮಾರು 31.5 ಕೋಟಿಯಿಂದ 31.9 ಕೋಟಿಗೆ ಮಾತ್ರ ಏರಿತ್ತು. ಇಂದಿನ ಭಾರತದ ಗಡಿಯೊಳಗಿನ ಲೆಕ್ಕ ತೆಗೆದರೆ 25.21 ಕೋಟಿಯಿಂದ 25.13 ಕೋಟಿಗೆ ಇಳಿದಿತ್ತು. ಜನಗಣತಿಯ ಕಮಿಷನರ್ ಜೆ.ಟಿ. ಮಾರ್ಟನ್ ಸಾವಿನ ಅಂದಾಜನ್ನು 1.2ರಿಂದ 1.3 ಕೋಟಿಗೆ ಏರಿಸಿದರು. 1986ರಲ್ಲಿ ಇಯಾನ್ ಮಿಲ್ಸ್ 1.7ರಿಂದ 1.8 ಕೋಟಿ ಎಂದರು. 2012ರಲ್ಲಿ ಸಿದ್ಧಾರ್ಥ ಚಂದ್ರ ಮತ್ತು ಸಂಗಡಿಗರು ಬ್ರಿಟಿಷ್ ಆಡಳಿತದ ಪ್ರಾಂತಗಳಿಗೆ 1.388 ಕೋಟಿ ಎಂದು ಲೆಕ್ಕ ಹಾಕಿದರು.

ಇಂದಿನ ಕರ್ನಾಟಕದ ನೆಲ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಲೆಕ್ಕ ಮುಂಬಯಿಗೆ ಹೋಗುತ್ತಿತ್ತು, ಬಳ್ಳಾರಿ, ಮಂಗಳೂರಿನದು ಮದ್ರಾಸಿಗೆ, ಗುಲ್ಬರ್ಗಾ, ರಾಯಚೂರು, ಬೀದರಿನದು ಹೈದರಾಬಾದಿಗೆ. ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ತಮ್ಮದೇ ಪುಸ್ತಕಗಳಿದ್ದವು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರ ಸುಮಾರು 58 ಲಕ್ಷದಿಂದ 1921ಕ್ಕೆ 59.8 ಲಕ್ಷಕ್ಕೆ ಬಂದು ನಿಂತರೆ, ಬರ ಮತ್ತು ಜ್ವರ ಎರಡನ್ನೂ ಕಂಡ ಬಿಜಾಪುರ ಜಿಲ್ಲೆಯ ಜನಸಂಖ್ಯೆ ಇಳಿಯಿತು. ಜನಗಣತಿಯ ಈ ಅಂಕಿಗಳು ಎಷ್ಟು ಜನ ಉಳಿದರು ಎಂದು ಹೇಳುತ್ತವೆಯೇ ಹೊರತು ಎಷ್ಟು ಜನ ಕಾಯಿಲೆ ಬಿದ್ದು ಗುಣವಾದರು ಎಂದು ಹೇಳುವುದಿಲ್ಲ. ಆ ಲೆಕ್ಕ ಕ್ರಮಬದ್ಧವಾಗಿ ಇದ್ದದ್ದು ಸೈನ್ಯ ಮತ್ತು ಜೈಲುಗಳಲ್ಲಿ ಮಾತ್ರ. ಬ್ಯಾರಕ್ಕಿನ ಜನರ ಪ್ರಮಾಣವನ್ನು ಚದುರಿದ ಹಳ್ಳಿಗಳಿಗೆ ಹಚ್ಚಲು ಬರುವುದಿಲ್ಲ.

‘ಲೋಕದ ಮೂರನೇ ಒಂದು ಪಾಲು’

1918ರ ಪಿಡುಗಿನ ಬಗ್ಗೆ ಇಂದು ಎಲ್ಲೆಡೆ ಕಾಣುವ ಮಾತೆಂದರೆ ಲೋಕದ ಮೂರನೇ ಒಂದು ಪಾಲು ಜನರಿಗೆ, ಅಂದರೆ ಸುಮಾರು 50 ಕೋಟಿ ಮಂದಿಗೆ ಸೋಂಕು ತಗುಲಿತ್ತು ಎಂಬುದು. ಈ ಅಂಕಿ ಹೆಚ್ಚು ಪ್ರಚಾರ ಪಡೆದದ್ದು ಜೆಫ್ರಿ ಟಾಬೆನ್‌ಬರ್ಗರ್ ಮತ್ತು ಡೇವಿಡ್ ಮೋರೆನ್ಸ್ 2006ರಲ್ಲಿ ಬರೆದ ಲೇಖನದಿಂದ. ಅವರು ಆಧಾರವಾಗಿ ಕೊಟ್ಟದ್ದರಲ್ಲಿ ಮುಖ್ಯವಾದದ್ದು ಫ್ರಾಸ್ಟ್ ಅವರ ಅಮೆರಿಕದ ಸಮೀಕ್ಷೆ. ಆಗಿನ ಲೋಕದ ಜನಸಂಖ್ಯೆ ಸುಮಾರು 180 ಕೋಟಿ. ಕೆಲವು ಅಮೆರಿಕನ್ ನಗರಗಳಲ್ಲಿ ಕಂಡ ಪ್ರಮಾಣ ಹೀಗೆ ಇಡೀ ಲೋಕದ ಪ್ರಮಾಣವಾಯಿತು.

ಅದೇ ಲೇಖನದಲ್ಲಿ ಕಾಯಿಲೆ ಬಿದ್ದವರಲ್ಲಿ ಸತ್ತವರು ನೂರಕ್ಕೆ ಎರಡೂವರೆಗಿಂತ ಹೆಚ್ಚು ಎಂದಿದೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟರೆ ತೊಡಕು ಕಾಣುತ್ತದೆ. 50 ಕೋಟಿಯಲ್ಲಿ ನೂರಕ್ಕೆ ಎರಡೂವರೆ ಎಂದರೆ 1.25 ಕೋಟಿ ಸಾವು. ಮಾರ್ಟನ್ ಭಾರತ ಒಂದಕ್ಕೇ ಕೊಟ್ಟ ಅಂದಾಜು ಇಷ್ಟಿದೆ. ಲೋಕದ ಒಟ್ಟು ಸಾವಿನ ಅಂದಾಜುಗಳಂತೂ ಇದಕ್ಕಿಂತ ಬಹಳ ದೊಡ್ಡವು: 1927ರಲ್ಲಿ ಎಡ್ವಿನ್ ಜೋರ್ಡನ್ 2.15 ಕೋಟಿ ಎಂದರು, 1991ರಲ್ಲಿ ಪ್ಯಾಟರ್ಸನ್ ಮತ್ತು ಪೈಲ್ 2.47ರಿಂದ 3.93 ಕೋಟಿ ಎಂದರು, 2002ರಲ್ಲಿ ಜಾನ್ಸನ್ ಮತ್ತು ಮುಲ್ಲರ್ 5 ಕೋಟಿಗೆ ಏರಿಸಿದರು. 2018ರಲ್ಲಿ ಸ್ಪ್ರೂವೆನ್‌ಬರ್ಗ್ ಮತ್ತು ಸಂಗಡಿಗರು ಮತ್ತೆ 1.74 ಕೋಟಿಗೆ ಇಳಿಸಿದರು. 5 ಕೋಟಿ ಸಾವು ನಿಜವಾಗಿದ್ದು ಸೋಂಕಿತರು 50 ಕೋಟಿಯೇ ಆಗಿದ್ದರೆ ಕಾಯಿಲೆ ಬಿದ್ದ ಹತ್ತು ಮಂದಿಯಲ್ಲಿ ಒಬ್ಬರು ಸತ್ತಂತಾಗುತ್ತದೆ. ಅಮೆರಿಕದ ಯಾವ ಸಮೀಕ್ಷಿತ ನಗರದಲ್ಲೂ ಹಾಗಾಗಿರಲಿಲ್ಲ.

ಭಾರತದ ಮಟ್ಟಿಗೆ ಈ ತೊಡಕು ಇನ್ನೂ ಸ್ಪಷ್ಟ. ದೇಶದಲ್ಲಿ 1.3 ಕೋಟಿ ಜನ ಸತ್ತರೆಂದು ಇಟ್ಟುಕೊಂಡು, ಅಮೆರಿಕದ ಎರಡೂವರೆ ಶೇಕಡಾ ಪ್ರಮಾಣದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸೋಂಕಿತರು 52 ಕೋಟಿ ಆಗುತ್ತಾರೆ. ದೇಶದಲ್ಲಿ ಇದ್ದದ್ದೇ 32 ಕೋಟಿಗಿಂತ ಕಡಿಮೆ ಜನ. ಹತ್ತು ಶೇಕಡಾ ಪ್ರಮಾಣ ಹಿಡಿದರೆ 13 ಕೋಟಿ, ಅಂದರೆ ಐದರಲ್ಲಿ ಎರಡು ಪಾಲು. ಇದು ನಂಬಲರ್ಹ ಅಂಕಿ. ಹಸಿವು, ವೈದ್ಯರ ಅಭಾವ, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗಿ ನೀರು ಕೊಡುವವರೂ ಇಲ್ಲದ ಸ್ಥಿತಿಗಳಲ್ಲಿ ಅದೇ ರೋಗ ನಾಲ್ಕು ಪಟ್ಟು ಮಾರಕವಾಗಬಲ್ಲದು. ಒಂದು ನಾಡಿನ ಮರಣ ಪ್ರಮಾಣವನ್ನು ಇನ್ನೊಂದು ನಾಡಿಗೆ ಹಚ್ಚಿದರೆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ರಕ್ತ ಕೊಟ್ಟ ಸಾಕ್ಷ್ಯ

ಸೋಂಕನ್ನು ರೋಗಲಕ್ಷಣದಿಂದ ಬೇರ್ಪಡಿಸಿ ನೋಡಲು ಸಾಧ್ಯವಾದದ್ದು 1930ರ ದಶಕದಲ್ಲಿ. ಅಮೆರಿಕದ ರಿಚರ್ಡ್ ಶೋಪ್ 1931ರಲ್ಲಿ ಹಂದಿಗಳ ಇನ್‌ಫ್ಲುಯೆಂಜಾ ವೈರಸ್ಸನ್ನು ಗುರುತಿಸಿದರು. 1933ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಪ್ರಯೋಗಾಲಯದಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟಫರ್ ಆಂಡ್ರೂಸ್, ಪ್ಯಾಟ್ರಿಕ್ ಲೇಡ್ಲಾ ಅವರು ರೋಗಿಯ ಗಂಟಲು ತೊಳೆದ ನೀರನ್ನು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಬಿಟ್ಟು, ಮನುಷ್ಯರ ವೈರಸ್ಸನ್ನು ಪ್ರತ್ಯೇಕಿಸಿದರು. ಆಮೇಲೆ ನಡೆದ ರಕ್ತಪರೀಕ್ಷೆಗಳಲ್ಲಿ ಒಂದು ವಿಶೇಷ ಕಂಡಿತು. ಹಂದಿಯ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ವಯಸ್ಕರ ರಕ್ತದಲ್ಲಿ ಸಾಮಾನ್ಯವಾಗಿದ್ದವು, 1918ರ ಪಿಡುಗಿನ ನಂತರ ಹುಟ್ಟಿದ ಮಕ್ಕಳ ರಕ್ತದಲ್ಲಿ ಇರಲಿಲ್ಲವೆಂಬಷ್ಟು ವಿರಳ. ಮನುಷ್ಯರಲ್ಲಿ ಹಬ್ಬಿದ್ದ ವೈರಸ್ಸೂ ಹಂದಿಯ ವೈರಸ್ಸೂ ಹತ್ತಿರದ ಸಂಬಂಧಿಗಳೆಂಬುದಕ್ಕೆ ಇದು ಪುರಾವೆಯಾಯಿತು. ವರ್ಷಗಳ ಹಿಂದೆ ಬಂದುಹೋದ ಸೋಂಕಿನ ಗುರುತು ರಕ್ತದಲ್ಲಿ ಉಳಿದಿರುತ್ತದೆ ಎಂಬುದೂ ಸಿದ್ಧವಾಯಿತು.

1941ರಲ್ಲಿ ಜಾರ್ಜ್ ಹರ್ಸ್ಟ್ ಕಂಡುಕೊಂಡ ಪರೀಕ್ಷೆ ಈ ಕೆಲಸವನ್ನು ಸುಲಭಗೊಳಿಸಿತು. ಇನ್‌ಫ್ಲುಯೆಂಜಾ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಪ್ರತಿಕಾಯವಿರುವ ಸೀರಮ್ ಬೆರೆಸಿದರೆ ಅಂಟುವುದು ನಿಲ್ಲುತ್ತದೆ. ಸಾಲು ಸಾಲು ಕುಳಿಗಳಿರುವ ತಟ್ಟೆಯಲ್ಲಿ ಸೀರಮನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು ಹೀಗೆ ತೆಳುಗೊಳಿಸುತ್ತ ಹೋಗಿ, ಪ್ರತಿ ಕುಳಿಗೂ ವೈರಸ್ ಮತ್ತು ರಕ್ತಕಣ ಹಾಕುತ್ತಾರೆ. ಪ್ರತಿಕಾಯ ಗೆದ್ದ ಕುಳಿಯಲ್ಲಿ ಕಣಗಳು ತಳಕ್ಕಿಳಿದು ಪುಟ್ಟ ಕೆಂಪು ಗುಂಡಿಯಂತೆ ಕೂರುತ್ತವೆ, ಸೋತ ಕುಳಿಯಲ್ಲಿ ತೆಳ್ಳಗೆ ಹರಡಿಕೊಳ್ಳುತ್ತವೆ. ಸಾಮಾನ್ಯವಾಗಿ ನಲವತ್ತು ಪಟ್ಟು ತೆಳುವಾದ ಮೇಲೂ ಗುಂಡಿ ಕಂಡರೆ ಆ ವ್ಯಕ್ತಿಗೆ ಸಾಕಷ್ಟು ಪ್ರತಿಕಾಯವಿದೆ ಎಂದರ್ಥ.

ಈ ಸಾಕ್ಷ್ಯವೂ ದೋಷಮುಕ್ತವಲ್ಲ. ಸೋಂಕು ತಗುಲಿದ ಎಲ್ಲರಲ್ಲೂ ಪ್ರತಿಕಾಯ ಆ ಮಟ್ಟಕ್ಕೆ ಏರುವುದಿಲ್ಲ. ಹಳೆಯ ಯಾವುದೋ ಸೋಂಕಿನ ಪ್ರತಿಕಾಯ ಹೊಸ ವೈರಸ್ಸಿಗೂ ಸ್ಪಂದಿಸಬಹುದು. ಅದಕ್ಕೇ ಪಿಡುಗಿಗೆ ಮೊದಲು ತೆಗೆದಿಟ್ಟ ರಕ್ತದ ಮಾದರಿಗಳೂ ಬೇಕು, ಮೊದಲಿನದಕ್ಕೂ ನಂತರದ್ದಕ್ಕೂ ಇರುವ ವ್ಯತ್ಯಾಸವೇ ಹೊಸ ಸೋಂಕಿನ ಪ್ರಮಾಣ.

1957: ವರದಿಯಾದದ್ದು ಮತ್ತು ನಡೆದದ್ದು

1957ರ ಏಷ್ಯನ್ ಫ್ಲೂ ಪ್ರಯೋಗಾಲಯಗಳ ಕಣ್ಣೆದುರಿಗೆ ಹಬ್ಬಿದ ಮೊದಲ ಜಾಗತಿಕ ಪಿಡುಗು. ಭಾರತಕ್ಕೆ ಅದು ಮೇ ತಿಂಗಳಲ್ಲಿ ಸಿಂಗಪುರದಿಂದ ಮದ್ರಾಸಿಗೆ ಬಂದ ‘ರಜುಲಾ’ ಹಡಗಿನಲ್ಲಿ ಬಂತು. ಆ ತಿಂಗಳಿಂದ 1958ರ ಫೆಬ್ರವರಿವರೆಗೆ ದೇಶದಲ್ಲಿ ವರದಿಯಾದ ಪ್ರಕರಣಗಳು ಸುಮಾರು 44.5 ಲಕ್ಷ, ಸಾವುಗಳು 1,100ರ ಆಸುಪಾಸು. ಆಗಿನ ಜನಸಂಖ್ಯೆ ಸುಮಾರು 40 ಕೋಟಿ, ಹಾಗಾದರೆ ನೂರಕ್ಕೆ ಒಬ್ಬರಿಗೆ ಮಾತ್ರ ಕಾಯಿಲೆ ಬಂದಂತಾಯಿತು. ಅದೇ ಪಿಡುಗಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಂದಾಜು ಬೇರೆಯಾಗಿದೆ: ಕಾಯಿಲೆ ಬಿದ್ದವರು ಸುಮಾರು 90 ಲಕ್ಷ, ಅಂದರೆ ಐವರಲ್ಲಿ ಒಬ್ಬರು. ಅವರಲ್ಲಿ ವೈದ್ಯರನ್ನು ಕಂಡವರು 55 ಲಕ್ಷ, ಸತ್ತವರು ಸುಮಾರು 14,000. ಸಾಮಾನ್ಯ ವೈದ್ಯರ ದಾಖಲೆ ಮತ್ತು ವಿಮೆಯ ಅನಾರೋಗ್ಯ ಅರ್ಜಿಗಳು ಇದ್ದ ದೇಶದಲ್ಲೂ 35 ಲಕ್ಷ ಮಂದಿ ವೈದ್ಯರ ಕಣ್ಣಿಗೆ ಬಿದ್ದಿರಲಿಲ್ಲ. ಭಾರತದ ಅಂಕಿ ಆಸ್ಪತ್ರೆ, ದವಾಖಾನೆಗಳಿಂದ ಮೇಲೆ ಬಂದ ವರದಿಗಳ ಮೊತ್ತವಷ್ಟೆ. ಅದನ್ನು ಸೋಂಕಿತರ ಸಂಖ್ಯೆ ಎಂದು ಓದುವುದು ತಪ್ಪು.

ಗಣಿತದ ದಾರಿ ಮತ್ತು 2009

ಇನ್ನೊಂದು ದಾರಿ ಗಣಿತದ್ದು. 1927ರಲ್ಲಿ ವಿಲಿಯಂ ಕರ್ಮ್ಯಾಕ್ ಮತ್ತು ಆಂಡರ್ಸನ್ ಮೆಕೆಂಡ್ರಿಕ್ ಸಾಂಕ್ರಾಮಿಕಗಳ ಏರಿಳಿತಕ್ಕೆ ಸಮೀಕರಣ ಕೊಟ್ಟರು. ಮೆಕೆಂಡ್ರಿಕ್ ಹಿಂದೆ ಭಾರತದ ವೈದ್ಯಕೀಯ ಸೇವೆಯಲ್ಲಿದ್ದು ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಆ ಪ್ರಬಂಧದಲ್ಲಿ ಮಾದರಿಯನ್ನು ಒರೆಹಚ್ಚಲು ಬಳಸಿದ್ದು 1905–06ರ ಮುಂಬಯಿ ಪ್ಲೇಗಿನ ಅಂಕಿಗಳು. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಮಂದಿಗೆ ಸೋಂಕು ಹರಡುತ್ತದೆ ಎಂಬುದು ತಿಳಿದರೆ ಕೊನೆಗೆ ಎಷ್ಟು ಜನ ಸೋಂಕಿತರಾಗುತ್ತಾರೆ ಎಂದು ಈ ಸಮೀಕರಣದಿಂದ ಹೇಳಬಹುದು. ಒಬ್ಬರಿಂದ ಒಂದೂವರೆ ಮಂದಿಗೆ ಎಂದರೆ ನೂರಕ್ಕೆ ಸುಮಾರು 58, ಇಬ್ಬರಿಗೆ ಎಂದರೆ ಸುಮಾರು 80. ಎಲ್ಲರೂ ಎಲ್ಲರೊಡನೆ ಸಮನಾಗಿ ಬೆರೆಯುತ್ತಾರೆ, ಯಾರಿಗೂ ಮೊದಲೇ ರೋಗನಿರೋಧ ಶಕ್ತಿ ಇಲ್ಲ ಎಂಬ ಊಹೆ ಇದರಲ್ಲಿದೆ. ನಿಜ ಲೋಕದಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆಯೇ ಇರುತ್ತದೆ.

2009ರ ಎಚ್1ಎನ್1 ಪಿಡುಗಿನಲ್ಲಿ ಎಲ್ಲ ವಿಧಾನಗಳೂ ಒಟ್ಟಿಗೆ ಬಳಕೆಯಾದವು. ಜೂನ್ 11ರಂದು ಜಾಗತಿಕ ಪಿಡುಗು ಎಂದು ಘೋಷಿಸಿದ ವಿಶ್ವ ಆರೋಗ್ಯ ಸಂಸ್ಥೆ, ಜುಲೈ ಹೊತ್ತಿಗೆ ಪ್ರತಿ ಪ್ರಕರಣವನ್ನೂ ಎಣಿಸುವುದನ್ನು ನಿಲ್ಲಿಸಲು ಸಲಹೆ ನೀಡಿತು. ಪರೀಕ್ಷೆಗೆ ಬಂದವರನ್ನು ಎಣಿಸಿ ಪ್ರಯೋಜನವಿಲ್ಲ ಎಂಬುದು ಅಷ್ಟರಲ್ಲಿ ಮನದಟ್ಟಾಗಿತ್ತು. ಅಮೆರಿಕದಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ಪ್ರಯೋಗಾಲಯದಲ್ಲಿ ದೃಢಪಟ್ಟ ಪ್ರಕರಣಗಳು 43,677. ರೋಗಿಗಳಲ್ಲಿ ವೈದ್ಯರ ಬಳಿ ಹೋದವರೆಷ್ಟು, ಅವರಲ್ಲಿ ಪರೀಕ್ಷೆಯಾದದ್ದು ಎಷ್ಟು ಜನಕ್ಕೆ, ಪರೀಕ್ಷೆ ಹಿಡಿದದ್ದು ಎಷ್ಟನ್ನು, ವರದಿಯಾದದ್ದು ಎಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಗುಣಿಸಿದಾಗ ಒಂದು ದೃಢಪಟ್ಟ ಪ್ರಕರಣದ ಹಿಂದೆ ಸುಮಾರು 79 ಪ್ರಕರಣಗಳಿವೆ ಎಂದು ಕ್ಯಾರಿ ರೀಡ್ ಮತ್ತು ಸಂಗಡಿಗರು ಅಂದಾಜು ಮಾಡಿದರು. ಅಂದರೆ ನಿಜವಾದ ಸಂಖ್ಯೆ 18 ಲಕ್ಷದಿಂದ 57 ಲಕ್ಷದ ನಡುವೆ. ಇಂಗ್ಲೆಂಡಿನಲ್ಲಿ 2008ರ ರಕ್ತದ ಮಾದರಿಗಳನ್ನು 2009ರವುಗಳೊಂದಿಗೆ ಹೋಲಿಸಿದಾಗ, ಲಂಡನ್ ಮತ್ತು ವೆಸ್ಟ್ ಮಿಡ್‌ಲ್ಯಾಂಡ್ಸ್‌ನ ಮೂವರು ಮಕ್ಕಳಲ್ಲಿ ಒಬ್ಬರಿಗೆ ಮೊದಲ ಅಲೆಯಲ್ಲೇ ಸೋಂಕು ತಗುಲಿತ್ತೆಂದು ತಿಳಿಯಿತು. ವೈದ್ಯರ ವರದಿಗಳ ಆಧಾರದ ಅಂದಾಜಿಗಿಂತ ಇದು ಹತ್ತು ಪಟ್ಟು ಹೆಚ್ಚು.

2013ರಲ್ಲಿ ಹತ್ತೊಂಬತ್ತು ದೇಶಗಳ ರಕ್ತ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ ಮೊದಲ ವರ್ಷದಲ್ಲಿ ನೂರಕ್ಕೆ 20ರಿಂದ 27 ಮಂದಿಗೆ, ಶಾಲಾ ವಯಸ್ಸಿನವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೋಂಕು ತಗುಲಿತ್ತೆಂಬ ತೀರ್ಮಾನ ಬಂತು. ದೃಢಪಟ್ಟ ಸಾವುಗಳು ಸುಮಾರು 18,500, ಅಂದಾಜಿನ ಸಾವುಗಳು 2.84 ಲಕ್ಷ. ಸೋಂಕಿನ ಪ್ರಮಾಣದಲ್ಲಿ 1918ಕ್ಕೂ 2009ಕ್ಕೂ ಭಾರಿ ಅಂತರವಿಲ್ಲ, ಮಾರಕತೆಯಲ್ಲಿ ಇರುವ ಅಂತರ ಅಗಾಧ.

ಸೋಂಕಿತರ ಯಾವ ಸಂಖ್ಯೆಯನ್ನು ಓದಿದರೂ ಮೂರು ಪ್ರಶ್ನೆ ಕೇಳಬೇಕಾಗುತ್ತದೆ: ಎಣಿಸಿದ್ದು ಯಾರನ್ನು, ಸೋಂಕನ್ನು ಗುರುತಿಸಿದ್ದು ಹೇಗೆ, ಆ ಪ್ರಮಾಣವನ್ನು ಹಚ್ಚಿದ್ದು ಯಾವ ಜನಕ್ಕೆ. 2009ರ ಅಂಕಿಗೆ ಈ ಮೂರಕ್ಕೂ ಉತ್ತರವಿದೆ. 1918ರ ‘ಮೂರನೇ ಒಂದು ಪಾಲಿ’ಗೆ ಅಮೆರಿಕದ ಕೆಲವು ನಗರಗಳ ಮಟ್ಟಿಗೆ ಉತ್ತರವಿದೆ, ಅತಿ ಹೆಚ್ಚು ಜನ ಸತ್ತ ಭಾರತದ ಮಟ್ಟಿಗೆ ಇಲ್ಲ.